ಇಲ್ಲಿ ಎಷ್ಟು ಸೈಲೆಂಟ್ ಅಂತೀಯಾ!

ಮೂರು ದಿನದಿಂದ ತಿಕ್ಕುತ್ತಿದ್ದೇನೆ, ಕಾಲುಗುರಿನ ಸಂದಿಯ ಕಪ್ಪು ಕೆಸರು ಜಪ್ಪಯ್ಯ ಅಂದರೂ ಹೋಗುತ್ತಿಲ್ಲ. ಕಂಡಾಗಲೆಲ್ಲ ಭಾವನ ಮೇಲೆ ಹೊಸದಾಗಿ ಸಿಟ್ಟು ಬರುತ್ತದೆ.

ಹೋಗಿದ್ದು ನಿಶ್ಶಬ್ದ ಹುಡುಕಿಕೊಂಡು. ಉದ್ದಕ್ಕೆ ಮಲಗಿದ ಮರಳುದಿಣ್ಣೆ ಕಡಲಿನ ಆರ್ಭಟವನ್ನೆಲ್ಲ ಆಚೆಗೇ ತಡೆದಿತ್ತು. ಈಚೆಗೆ ಅಲೆಯೇ ಇಲ್ಲದ ಲಗೂನು, ಸಿಹಿಯೂ ಅಲ್ಲದ ಪೂರಾ ಉಪ್ಪೂ ಅಲ್ಲದ ನೀರು. ಹುಟ್ಟು ಹಾಕುವ ಸದ್ದೇ ಜಾಸ್ತಿಯಾಯಿತೇನೋ ಅನ್ನಿಸುವಂಥ ಮೌನ.

ಭಾವ ಫೋನ್ ತೆಗೆದ.

"ಹಲೋ! ಇಲ್ಲಿ ಎಷ್ಟು ಸೈಲೆಂಟ್ ಅಂತೀಯಾ! ಹಲೋ? ಸೈಲೆಂಟು! ಸೈ-ಲೆಂ-ಟು! ಕೇಳಿಸ್ತಾ?" ಆ ಕಡೆಯವರಿಗೆ ಮೌನ ಕೇಳಿಸಲೆಂದು ಸ್ಪೀಕರ್ ಬೇರೆ ಆನ್. ಮೊದಲ ಕರೆಗೆ ಬೆಳ್ಳಕ್ಕಿಗಳು ಎದ್ದವು. ಎರಡನೆಯದಕ್ಕೆ ಕೊಂಬೆಯ ಮೇಲಿದ್ದ ಮಿಂಚುಳ್ಳಿಯೂ ಜಾಗ ಖಾಲಿ ಮಾಡಿತು. ನಾಲ್ಕನೆಯ ಕರೆಯಲ್ಲಿ ಅವನದೇ ದೂರು: "ಹಕ್ಕಿ ಒಂದೂ ಇಲ್ಲ ಮಾರಾಯ."

ಅಷ್ಟರಲ್ಲಿ ದೋಣಿ ನಿಂತಿತು. ನೀರು ಏರಲಿ, ಒಂದು ಗಂಟೆ ತಡೆಯಿರಿ ಎಂದು ದೋಣಿಯವರು ಮೊದಲೇ ಹೇಳಿದ್ದರು. "ನಿನ್ನೆ ನಾಲ್ಕಕ್ಕೆ ಇಲ್ಲೇ ದೋಣಿ ಹೋಗಿದ್ದು ನಾನೇ ನೋಡಿದ್ದೀನಿ" ಅಂತ ಇವನ ವಾದ. ಉಬ್ಬರಕ್ಕೆ ಚಂದ್ರನ ಲೆಕ್ಕ. ಅದರ ದಿನ ಸುಮಾರು 24 ಗಂಟೆ 50 ನಿಮಿಷ. ನಿನ್ನೆ ನಾಲ್ಕಕ್ಕೆ ಬಂದ ನೀರು ಇವತ್ತು ಐದರ ಹತ್ತಿರ ಬರುತ್ತದೆ. ಇದನ್ನು ಭಾವನಿಗೆ ವಿವರಿಸುವ ಬದಲು ದೋಣಿ ತಳ್ಳಲು ಇಳಿದೆ. ಮೊಣಕಾಲ ತನಕ ಹೂತುಹೋದೆ, ಕೊಳೆತ ಮೊಟ್ಟೆಯ ವಾಸನೆ ಮೇಲೆದ್ದಿತು, ಎಡಗಾಲಿನ ಚಪ್ಪಲಿ ಲಗೂನಿಗೆ ಸೇರಿತು.

ಪಕ್ಕದ ಕೆಸರದಿಣ್ಣೆಯಲ್ಲಿ ನೂರಾರು ಪುಟ್ಟ ಏಡಿಗಳು. ಗಂಡಿಗೆ ಒಂದು ಇಕ್ಕಳಗಾಲು ಮಾತ್ರ ಮೈಯಷ್ಟೇ ದೊಡ್ಡದು; ಅದನ್ನೆತ್ತಿ ಆಡಿಸುತ್ತ ಹೆಣ್ಣನ್ನು ಕರೆಯುತ್ತದೆ. ದೋಣಿಯಲ್ಲಿ ಭಾವನೂ ಸಿಗ್ನಲ್ಲಿಗಾಗಿ ಫೋನೆತ್ತಿ ಆಡಿಸುತ್ತಿದ್ದ. ಏಡಿಗಳು ಕಿರುಚುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಆಮೇಲೆ ಅವನ ಬ್ಯಾಟರಿ ಸತ್ತಿತು.

ಕೆಸರಿನ ಬಿಲಗಳಲ್ಲಿ ನೀರು ಗುಳುಗುಳು ಎನ್ನುವುದು ಕೇಳಿಸಿತು. ದಿಣ್ಣೆಯಾಚೆ ಕಡಲು ದೂರದ ಕೋಣೆಯಲ್ಲಿ ಯಾರೋ ನಿದ್ದೆಯಲ್ಲಿ ಉಸಿರಾಡಿದ ಹಾಗೆ. ಬೆಳ್ಳಕ್ಕಿಯೊಂದು ವಾಪಸ್ ಬಂದು ಒಂಟಿಕಾಲಲ್ಲಿ ನಿಂತಿತು. ಭಾವ ಬಹಳ ಹೊತ್ತು ಅದನ್ನೇ ನೋಡುತ್ತ ಕೂತಿದ್ದ. ಅವನು ಇಷ್ಟು ಹೊತ್ತು ಸುಮ್ಮನಿದ್ದುದನ್ನು ನಾನು ಇದುವರೆಗೆ ಕಂಡಿರಲಿಲ್ಲ, ಪಾಪ ಅನ್ನಿಸಿತು.

ದೋಣಿ ಮೆಲ್ಲಗೆ ಅಲುಗಿತು. "ನಿನ್ನ ಫೋನಲ್ಲಿ ಚಾರ್ಜಿದೆಯಾ?" ಎಂದು ಪಿಸುಗುಟ್ಟಿದ.

ಎಂಬತ್ತು ಪರ್ಸೆಂಟ್ ಇತ್ತು. ಇಲ್ಲ ಅಂದೆ.