ಸ್ಪಷ್ಟನೆ: ಇಬ್ಬರ ಕ್ಯಾಂಪರ್ ವ್ಯಾನ್‌ಗೆ ಆರ್‌ಟಿಒ ಅನುಮತಿ ಬೇಡವೆಂಬುದು ಸರಿಯಲ್ಲ

ಮಾರುತಿ ಈಕೊ ಕೊಂಡು, ಹಿಂದಿನ ಸೀಟುಗಳನ್ನು ಕಿತ್ತು, ಮಂಚವನ್ನೂ ಗ್ಯಾಸ್ ಒಲೆಯನ್ನೂ ಕೂರಿಸಿಕೊಂಡರೆ ದಂಪತಿಗೆ ಸಾಕಾಗುವ, ಪ್ರವಾಸದಲ್ಲಿ ಒಳಗೇ ಮಲಗಬಹುದಾದ ಕ್ಯಾಂಪರ್ ಸಿದ್ಧವಾಗುತ್ತದೆ, ಬದಲಾವಣೆಯೆಲ್ಲ ಒಳಗಡೆಯದ್ದಾದ್ದರಿಂದ ಆರ್‌ಟಿಒಗೆ ತಿಳಿಸಬೇಕಾಗಿಲ್ಲ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದನ್ನು ನಂಬಿ ಯಾರೂ ಗಾಡಿ ಬಿಚ್ಚಿಸಬಾರದು.

ಆಸನಗಳ ಸಂಖ್ಯೆ ಆರ್‌ಸಿಯಲ್ಲಿ (ವಾಹನದ ನೋಂದಣಿ ಪತ್ರದಲ್ಲಿ) ನಮೂದಾಗಿರುತ್ತದೆ. ಆರ್‌ಸಿಯ ವಿವರಗಳು ತಯಾರಕರು ಮೂಲದಲ್ಲಿ ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ನಿಯಮ ಮೀರಿ ಭಾಗಗಳನ್ನು ಜೋಡಿಸಿದರೆ, 182ಎ ಕಲಂ ಪ್ರಕಾರ, ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಬಹುದು. ಇಂಥ ವಾಸಯೋಗ್ಯ ವಾಹನಗಳಿಗೆ, ಅಂದರೆ ಮೋಟಾರ್ ಕ್ಯಾರವಾನ್‌ಗಳಿಗೆಂದೇ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ.

ಹಾಗೆಂದು ಇಬ್ಬರೇ ಹೊರಡುವವರು ನಿರಾಶರಾಗಬೇಕಿಲ್ಲ. ಹಿಂಬದಿ ಸೀಟು ಮಡಚಿಕೊಳ್ಳುವ ಗಾಡಿಯನ್ನು ಆರಿಸಿ, ಬೋಲ್ಟ್ ಹಾಕದೆ, ಬೇಕೆಂದಾಗ ಎತ್ತಿ ಹೊರಗಿಡಬಹುದಾದ ಪ್ಲೈವುಡ್ ಹಲಗೆಯನ್ನೂ ಅದರ ಮೇಲೊಂದು ಹಾಸಿಗೆಯನ್ನೂ ಹಾಕಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಹೆಚ್ಚು ವಿವೇಕದ ದಾರಿ. ಕೊಳ್ಳುವ ಮೊದಲು ಇಬ್ಬರೂ ಒಳಗೆ ಕಾಲು ಚಾಚಿ ಮಲಗಿ ನೋಡಲೇಬೇಕು. ಒಲೆಯನ್ನಂತೂ ಹೊರಗೇ ಹಚ್ಚಬೇಕು. ಒಲೆ ಉರಿದಾಗ ಮುಚ್ಚಿದ ವ್ಯಾನಿನಲ್ಲಿ ತುಂಬಿಕೊಳ್ಳುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.