ಅಪ್ಪನಿಗೆ ಲ್ಯಾಪ್‌ಟಾಪ್, ನನಗೆ ನೌಕರಿ

ಕಂಪ್ಯೂಟರಿನಲ್ಲಿ ಹೆಚ್ಚೇನೂ ಕೆಲಸವಿಲ್ಲದವರಿಗೆ ಲ್ಯಾಪ್‌ಟಾಪ್ ಆರಿಸಿಕೊಡುವಷ್ಟು ಕೆಲಸ ಇನ್ನೊಂದಿಲ್ಲ. ಅಪ್ಪನ ಬೇಡಿಕೆ ಚಿಕ್ಕದು: ಇಮೇಲ್, ವಿಡಿಯೊ ಕರೆ, ಅಪರೂಪಕ್ಕೊಂದು ಪತ್ರ. ಷರತ್ತು ಮಾತ್ರ ದೊಡ್ಡದು. "ಹೊಸದೇ ಬೇಕು, ಆದರೆ ಹಳೆಯದರ ಹಾಗೆಯೇ ಇರಬೇಕು."

ಹಳೆಯದರಲ್ಲಿದ್ದದ್ದು ವಿಂಡೋಸ್ 10. ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು ಎಂದೆ. "ನಾನೂ ನಿವೃತ್ತನಾದೆ. ಹಾಗೆಂದು ಕೆಲಸ ನಿಲ್ಲಿಸಿದೆನೇ?" ಎಂದರು.

ಅಗ್ಗದ ಮಾದರಿಗಳ ವಿವರ ಓದುವುದೂ ಒಂದು ವಿದ್ಯೆ. ಅಲ್ಲಿ ಸುಳ್ಳು ಇರುವುದಿಲ್ಲ, ಸತ್ಯ ಸಣ್ಣ ಅಕ್ಷರದಲ್ಲಿರುತ್ತದೆ. ವಿಂಡೋಸ್ 11ಕ್ಕೆ 4 ಜಿಬಿ ರ್‍ಯಾಮ್, 64 ಜಿಬಿ ಸಂಗ್ರಹ ಸಾಕೆಂಬುದು ಕನಿಷ್ಠ ಲೆಕ್ಕ. ತುಂಬಿದ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಡಲು ಜಾಗ ಸಿಕ್ಕಂತೆ. ಊರೇನೋ ತಲುಪಬಹುದು, ಕೂರುವ ಮಾತಿಲ್ಲ. ಆ 64 ಜಿಬಿಯೂ ಬಹುತೇಕ ಬೋರ್ಡಿಗೇ ಬೆಸೆದ ಇಎಂಎಂಸಿ ಎಂಬ ಸಂಗ್ರಹದ ಚಿಪ್. ತುಂಬಿಹೋದರೆ ಬದಲಿಸುವ ಹಾಗಿಲ್ಲ, ಅಪ್‌ಡೇಟ್ ಮಾತ್ರ ತಪ್ಪದೆ ಜಾಗ ಕೇಳುತ್ತದೆ. ಹಾಗಾಗಿ 8 ಜಿಬಿ ರ್‍ಯಾಮ್, 256 ಜಿಬಿಯ ವೇಗದ ಸಂಗ್ರಹ, ಅಂದರೆ ಎಸ್‌ಎಸ್‌ಡಿ ಇಲ್ಲದ್ದನ್ನೆಲ್ಲ ಪಟ್ಟಿಯಿಂದ ಹೊಡೆದುಹಾಕಿದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರಲೇಬೇಕೆಂದು ಭಾವ ಪಟ್ಟು ಹಿಡಿದರು. ಅಪ್ಪ ಆಡುವುದು ಇಸ್ಪೀಟು, ಅದೂ ಒಬ್ಬರೇ.

ನನ್ನ ಮಟ್ಟಿಗೆ ಹಿರಿಯರ ಲ್ಯಾಪ್‌ಟಾಪಿನಲ್ಲಿ ಪ್ರೊಸೆಸರಿಗಿಂತ ಪರದೆ ಮುಖ್ಯ. 15.6 ಇಂಚಿನದು ಬಂತು, 1920×1080 ಪಿಕ್ಸೆಲ್ಲಿನದು. ಚಿತ್ರ ನಿಚ್ಚಳ, ಅಕ್ಷರ ಇರುವೆ ಸಾಲು. ಅಪ್ಪ ಕನ್ನಡಕ ಹಾಕಿದರು, ತೆಗೆದರು, ಒರೆಸಿದರು, ಕೊನೆಗೆ ನನ್ನನ್ನು ನೋಡಿದರು. ಸೆಟ್ಟಿಂಗ್ಸಿನಲ್ಲಿ ಸ್ಕೇಲ್ 150 ಪ್ರತಿಶತಕ್ಕೆ ಏರಿಸಿದೆ. ಸಾಲದು ಎಂದರು, ಇನ್ನೂ ಏರಿಸಿದೆ. "ಇನ್ನು ಇವರ ಪತ್ರಗಳನ್ನು ನಾನು ಅಡುಗೆಮನೆಯಿಂದಲೇ ಓದಬಹುದು" ಎಂದು ಅಮ್ಮ ಸಂತೋಷಪಟ್ಟರು.

ಕ್ಯಾಮೆರಾಕ್ಕೊಂದು ಜಾರುವ ಮುಚ್ಚಳವಿತ್ತು. ಅಪ್ಪನಿಗೆ ಬಹಳ ಹಿಡಿಸಿದ್ದು ಅದೇ. ಆಮೇಲಿನ ಕರೆಯಲ್ಲಿ ಬರೀ ಕತ್ತಲು.

"ಅಪ್ಪ, ನೀವು ಕಾಣುತ್ತಿಲ್ಲ."

"ನನಗೆ ನೀನು ಚೆನ್ನಾಗಿ ಕಾಣುತ್ತಿದ್ದೀಯ. ತೊಂದರೆ ನಿನ್ನ ಕಡೆಯದೇ."

ಮುಚ್ಚಳ ಸರಿಸಿ ಎಂದರೆ ಲ್ಯಾಪ್‌ಟಾಪನ್ನೇ ಮುಚ್ಚಿಬಿಟ್ಟರು. ಮತ್ತೊಂದು ದಿನ ಇಂಟರ್ನೆಟ್ ಮಾಯ. ವಿಮಾನದ ಚಿತ್ರವಿರುವ ಕೀ ಒತ್ತಿದ್ದರು. "ಮನೆಯಲ್ಲಿ ಕೂತವನಿಗೆ ವಿಮಾನದ ಕೀ ಯಾಕೆ ಕೊಡುತ್ತಾರೆ?" ಎಂಬ ಪ್ರಶ್ನೆಗೆ ಯಾವ ಕೈಪಿಡಿಯಲ್ಲೂ ಉತ್ತರವಿಲ್ಲ.

ಈಚೆಗೆ ಅಪ್ಪ ಫೋನಿನಲ್ಲಿ ಗೆಳೆಯರೊಬ್ಬರನ್ನು ಗದರುತ್ತಿದ್ದರು. "ಎಸ್‌ಎಸ್‌ಡಿ ಇಲ್ಲದ್ದನ್ನು ಮುಟ್ಟಲೇಬೇಡಿ. ಇಎಂಎಂಸಿ ಎಂದರೆ ಎದ್ದು ಬನ್ನಿ." ನನಗೆ ಎದೆ ಉಬ್ಬಿತು. ಅಷ್ಟರಲ್ಲಿ ಅವರು ಮುಂದುವರಿಸಿದರು: "ಕೊಂಡ ಮೇಲೆ ಏನಾದರೂ ಕೆಟ್ಟರೆ ಯೋಚನೆ ಬೇಡ. ನನ್ನ ಮಗನ ನಂಬರು ಬರೆದುಕೊಳ್ಳಿ."