ಅತಿ ಶೀಘ್ರದಲ್ಲಿ, ನಿಮ್ಮ ಥಿಯೇಟರಿನಲ್ಲಿ

‘ಥಿಯೇಟರ್ ಕಮಾಂಡ್ ಶೀಘ್ರ’ ಅಂತ ಪೇಪರಿನಲ್ಲಿ ಮತ್ತೆ ಬಂದಿದೆ. ಅಂದರೆ ಒಂದು ಪ್ರದೇಶದ ಭೂಸೇನೆ, ವಾಯುಸೇನೆ, ನೌಕಾಸೇನೆ ಎಲ್ಲ ಒಬ್ಬನೇ ದಂಡನಾಯಕನ ಕೈಕೆಳಗೆ. ನಮ್ಮೂರ ಟಾಕೀಸಿನ ಗೋಡೆಗೂ ಹೀಗೇ ‘ಅತಿ ಶೀಘ್ರದಲ್ಲಿ’ ಪೋಸ್ಟರ್ ಅಂಟಿಸುತ್ತಿದ್ದರು. ಮಳೆಗೆ ನಾಯಕನ ಮೀಸೆ ಇಳಿದು, ಆಡು ಬಂದು ಮೈದಾ ಅಂಟಿನ ಸಮೇತ ನಾಯಕಿಯನ್ನು ಮೇಯ್ದುಹೋದರೂ ಸಿನಿಮಾ ಬರುತ್ತಿರಲಿಲ್ಲ.

ಭೂಸೇನೆಗೆ ಏಳು ಕಮಾಂಡ್, ವಾಯುಸೇನೆಗೆ ಏಳು, ನೌಕಾಸೇನೆಗೆ ಮೂರು. ದಕ್ಷಿಣ ದಿಕ್ಕನ್ನೇ ತಗೊಳ್ಳಿ. ಭೂಸೇನೆಯ ದಕ್ಷಿಣ ಪುಣೆಯಲ್ಲಿದೆ, ನೌಕಾಸೇನೆಯದು ಕೊಚ್ಚಿಯಲ್ಲಿ, ವಾಯುಸೇನೆಯದು ತಿರುವನಂತಪುರದಲ್ಲಿ. ಪೂರ್ವ ಬೇಕಾದರೆ ಕೋಲ್ಕತ್ತ, ವಿಶಾಖಪಟ್ಟಣ, ಶಿಲ್ಲಾಂಗ್, ಯಾವುದಾದರೂ ಆರಿಸಿಕೊಳ್ಳಿ. ಪಾಪ, ಅಷ್ಟದಿಕ್ಪಾಲಕರು ಒಂದೊಂದೇ ದಿಕ್ಕಿಗೆ ಒಬ್ಬೊಬ್ಬರೇ ನಿಂತು ಕಾಲ ಕಳೆದರು. ಯಮನಿಗೆ ದಕ್ಷಿಣದಲ್ಲಿ ಮೂರು ಬಂಗಲೆ ಇದ್ದಿದ್ದರೆ ನಮ್ಮ ಆಯಸ್ಸು ಎಷ್ಟು ಜಾಸ್ತಿಯಾಗುತ್ತಿತ್ತೋ! ಕಡತ ಪುಣೆಯಿಂದ ಹೊರಡಬೇಕಲ್ಲ.

1999ರ ಕಾರ್ಗಿಲ್ ನೆನಪಿದೆಯೇ? ಭೂಸೇನೆ ಅದನ್ನು ‘ವಿಜಯ್’ ಅಂತು, ವಾಯುಸೇನೆ ‘ಸಫೇದ್ ಸಾಗರ್’, ನೌಕಾಸೇನೆ ‘ತಲ್ವಾರ್’. ತೊಟ್ಟಿಲಲ್ಲಿ ಕೂಸು ಒಂದೇ. ಅಪ್ಪನ ಕಡೆಯ ಹೆಸರೊಂದು, ಅಮ್ಮನ ಕಡೆಯದೊಂದು, ಸೋದರತ್ತೆ ಕಿವಿಯಲ್ಲಿ ಉಸುರಿದ್ದು ಇನ್ನೊಂದು.

ಆ ಜೂನ್ 17ರಂದು ವಾಯುಸೇನೆಯ ಮಿರಾಜ್ ವಿಮಾನಗಳು ಮುಂಥೋ ಧಾಲೋದಲ್ಲಿದ್ದ ಶತ್ರುವಿನ ಸರಬರಾಜು ಶಿಬಿರಕ್ಕೆ ಬಾಂಬ್ ಹಾಕಿದವು. ಗುಡ್ಡದ ಮೇಲೆ ಕೂತವನಿಗೆ ಬರುವ ಬುತ್ತಿಯನ್ನೇ ಹಿಂದಿನಿಂದ ಕತ್ತರಿಸುವ ಈ ವಿದ್ಯೆಗೆ ಇಂಟರ್‌ಡಿಕ್ಷನ್ ಅನ್ನುತ್ತಾರೆ. ಇದರಲ್ಲಿ ದಿಲ್ಲಿಯ ಕಚೇರಿಗಳೇ ನಿಜವಾದ ನಿಸ್ಸೀಮರು. ಮೂರೂ ಸೇನೆಗೆ ಒಬ್ಬ ಹಿರಿಯ ಇರಲಿ ಅಂತ ಮಂತ್ರಿಗಳ ಗುಂಪು ಹೇಳಿದ್ದು 2001ರಲ್ಲಿ, ಘೋಷಣೆಯಾದದ್ದು 2019ರಲ್ಲಿ. 18 ವರ್ಷ ಒಂದು ಕಡತವನ್ನು ಒಂದೂ ಬಾಂಬ್ ಖರ್ಚಿಲ್ಲದೆ ತಡೆದು ನಿಲ್ಲಿಸಿದರು! ಆ ಹುದ್ದೆಗೆ ಮೊದಲು ಬಂದ ಜನರಲ್ ರಾವತ್ 2021ರ ಡಿಸೆಂಬರಿನಲ್ಲಿ ಕೂನೂರಿನ ಬಳಿ ತೀರಿಕೊಂಡ ಮೇಲೆ ಆ ಕುರ್ಚಿ ಹತ್ತಿರ ಹತ್ತಿರ ಹತ್ತು ತಿಂಗಳು ಖಾಲಿ.

ಅದೇ ರಾವತ್ 2021ರ ಜುಲೈನಲ್ಲಿ ವಾಯುಸೇನೆಯನ್ನು ಪೂರಕ ಪಡೆ ಅಂದಿದ್ದರು, ಅಂದರೆ ಹಿಮ್ಮೇಳ. ಅಂದೇ ವಾಯುಸೇನೆಯ ಮುಖ್ಯಸ್ಥರು ‘ಅಲ್ಲ’ ಅಂದರು. ಯಕ್ಷಗಾನ ನೋಡಿದವರನ್ನು ಕೇಳಿದ್ದರೆ ಹೇಳುತ್ತಿದ್ದರು, ಹಿಮ್ಮೇಳದ ಭಾಗವತರು ಪದ ಎತ್ತದೆ ಯಾವ ವೇಷವೂ ಕುಣಿಯುವುದಿಲ್ಲ ಅಂತ.

ತಮಾಷೆ ಸಾಕು. ಕಾರ್ಗಿಲ್‌ನಲ್ಲಿ ಸತ್ತ ನಮ್ಮ ಯೋಧರು 527 ಜನ. ವಾಯುಸೇನೆಯ ದಾಳಿ ಶುರುವಾದದ್ದು ಮೇ 26ಕ್ಕೆ. ವಾಯುಸೇನೆಯ ಹೆಲಿಕಾಪ್ಟರ್ ಯಾರು ಕೇಳಬೇಕು, ಯಾರ ಅನುಮತಿ ಬೇಕು ಅನ್ನುವುದು ಇತ್ಯರ್ಥವಾಗುವ ಮೊದಲೇ ಇಪ್ಪತ್ತರ ಹರೆಯದ ಹುಡುಗರು ಆ ಬೋಳುಗುಡ್ಡ ಹತ್ತುತ್ತಿದ್ದರು, ಮೇಲಿನಿಂದ ಗುಂಡು ಬರುತ್ತಿತ್ತು.

2025ರ ಆಗಸ್ಟಿನಲ್ಲಿ ಮಧ್ಯಪ್ರದೇಶದ ಮಹೂನಲ್ಲಿ ವಾಯುಸೇನೆಯ ಆಗಿನ ಮುಖ್ಯಸ್ಥರು ಥಿಯೇಟರ್ ಕಮಾಂಡ್ ವಿಷಯದಲ್ಲಿ ಅವಸರ ಬೇಡ ಅಂದರು.

ಅಷ್ಟೊತ್ತಿಗೆ ಕಾರ್ಗಿಲ್ ಆಗಿ 26 ವರ್ಷ. ಅವಸರ ಅಂತೆ.